ಅತ್ತೆ ವಿಚಾರಿಸಿಕೊಂಡು ಬಂದ ಸಂಬಂಧ

ಮಂಡಿಕಲ್
19-1-2025

ಮುದ್ದು ಶಿರೀಷಾ,

ಅತ್ತೆಯ ಆಶೀರ್ವಾದ. ನಿನ್ನ ಕಾಗದ ಹಬ್ಬಕ್ಕೆ ಮುಂಚೆಯೇ ಬಂದಿತ್ತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ನಿಮ್ಮ ಮುದ್ದೇನಹಳ್ಳಿ ಹಾಸ್ಟೆಲ್‌ನವರು ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲವಲ್ಲ, ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಸುಧಾರಿಸಿಕೊಂಡು ಓದು.

ನಿನಗೆ ದನದ ಡಾಕ್ಟರಾಗುವ ಆಸೆ, ನಿಮ್ಮಪ್ಪನಿಗೆ ನೀನು ಟೀಚರಾಗಬೇಕೆಂಬ ಹಟ. ಅವನು “ಅಕ್ಕ ಒಪ್ಪಿದ್ರೆ ನೋಡಣ” ಎಂದು ಜಾರಿಕೊಂಡ. ನಮ್ಮ ವಂಶದಲ್ಲಿ ಗಂಡು ಹೆಣ್ಣಿನ ಸಂಬಂಧ ವಿಚಾರಿಸಿಕೊಂಡು ಬರುವವಳು ನಾನೇ ತಾನೆ? ಕೆಲಸವನ್ನೂ ಹಾಗೆಯೇ ವಿಚಾರಿಸೋಣ ಎಂದು ಶಿಡ್ಲಘಟ್ಟದ ಕಡೆ ಹೊರಟೆ. ಅಲ್ಲೊಂದು ಹಳ್ಳಿಯ ದನದ ಆಸ್ಪತ್ರೆಯಲ್ಲಿ ತನುಜ ಎಂಬ ಲೇಡಿ ಡಾಕ್ಟರಿದ್ದಾರೆಂದು ಹಾಲಿನ ಡೈರಿಯಲ್ಲಿ ಹೇಳಿದ್ದರು.

ಸಂಬಂಧ ಕೇಳಲು ಹೋದವರು ನೇರವಾಗಿ ಮನೆಯೊಳಗೆ ನುಗ್ಗಬಾರದು, ಮೊದಲು ಊರಲ್ಲಿ ಕೇಳಬೇಕು. ಟೀ ಅಂಗಡಿಯಲ್ಲಿ ಕೂತೆ. ಹಸು ಹಿಡಿದುಕೊಂಡು ನಿಂತಿದ್ದ ಚೆನ್ನರಾಯಪ್ಪ ಎಂಬ ಹಿರಿಯರು ತೆಲುಗು ಬೆರೆಸಿ, “ಮಾ ಡಾಕ್ಟರಮ್ಮ ಬಂಗಾರಂ ಕಣಮ್ಮ. ಕರೆದ್ರೆ ಬರ್ತಾರೆ. ಸಿಡುಕು ಮಾತ್ರ ಜಾಸ್ತಿ” ಅಂದರು. ನಮ್ಮ ಮನೆಯಲ್ಲಿ ಸಿಡುಕು ಯಾರಿಗಿಲ್ಲ ಎಂದುಕೊಂಡು ಆಸ್ಪತ್ರೆಯೊಳಗೆ ಹೋದೆ.

ಅಭ್ಯಾಸಬಲ ನೋಡು, ಡಾಕ್ಟರನ್ನು ಕಂಡ ಕೂಡಲೇ ಯಾವ ಊರು, ಅಣ್ಣತಮ್ಮಂದಿರೆಷ್ಟು, ಸಂಬಳವೆಷ್ಟು ಎಂದು ಶುರು ಮಾಡಿಬಿಟ್ಟೆ. ಅವರು ಮುಖ ಗಂಟಿಕ್ಕಿ, “ನನಗೆ ಮದ್ವೆ ಆಗಿದೆ ಕಣಮ್ಮ, ಇಬ್ರು ಮಕ್ಕಳಿದಾರೆ” ಅಂದರು.

“ನಿಮಗಲ್ಲಮ್ಮ, ನಮ್ಮ ಹುಡುಗಿಗೆ ನಿಮ್ಮ ಕೆಲಸ ಒಗ್ಗುತ್ತಾ ಅಂತ ಕೇಳೋಕೆ ಬಂದೆ.”

ಅವರು ಬಿದ್ದು ಬಿದ್ದು ನಕ್ಕರು. “ಕೇಳೋದೇನು, ನೋಡೇ ಬಿಡಿ ಬನ್ನಿ” ಎಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಒಂದು ತೋಟಕ್ಕೆ ಕರೆದುಕೊಂಡು ಹೋದರು. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ನಿಂತಿತ್ತು. ಅವರು ಭುಜದವರೆಗೆ ಕೈ ಹಾಕಿ ತಿರುಗಿಸಿದರು, ನಾನು ಬಾಲ ಹಿಡಿದುಕೊಂಡಿದ್ದೆ. ಕರು ಹೊರಗೆ ಬಿದ್ದು ಕಿವಿ ಒದರಿತು ಕಣೇ! ಹಬ್ಬದ ಹೊಸ ಸೀರೆಯೆಲ್ಲ ಹಾಳಾಯಿತು. ಅಷ್ಟು ಖುಷಿ ನನಗೆ ಯಾವ ಮದುವೆಮನೆಯಲ್ಲೂ ಆಗಿಲ್ಲ.

ಕೈ ತೊಳೆಯುತ್ತಾ ಡಾಕ್ಟರು ಕಷ್ಟವನ್ನೂ ಮುಚ್ಚಿಡದೆ ಹೇಳಿದರು. “ಒದೆ ತಿಂದು ಪಕ್ಕೆಲುಬು ಮುರ್ಕೊಂಡಿದೀನಿ. ಗಂಡ್ ಡಾಕ್ಟ್ರಿಲ್ವಾ ಅಂತ ವಾಪಸ್ ಕಳಿಸಿದೋರಿದಾರೆ. ಹಸು ಸತ್ರೆ ನಮ್ಮೇಲೇ ಕೂಗಾಡ್ತಾರೆ. ಇದೆಲ್ಲ ಹೇಳಿ ಅವಳಿಗೆ. ಆಮೇಲೂ ಬರ್ತೀನಿ ಅಂದ್ರೆ ರಜಕ್ಕೆ ನನ್ ಹತ್ರ ಕಳಿಸಿ.” ಹೇಳಿದ್ದೇನೆ. ಹೆದರಿಕೆಯಾದರೆ ಈಗಲೇ ಹೆದರು, ಆಮೇಲೆ ಬೇಡ.

ಮನೆಗೆ ಬಂದರೆ ನಿಮ್ಮಪ್ಪನದು ಅದೇ ರಾಗ. “ದನದೊಳಗೆ ಕೈ ಹಾಕೋಳನ್ನ ಯಾರಕ್ಕ ಮದ್ವೆ ಆಗ್ತಾರೆ?” ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಅಂದೆ. ಊಟ ಮುಗಿಯುವವರೆಗೂ ವಾದ ಮಾಡಿ ಕೊನೆಗೆ “ಅರ್ಜಿ ಹಾಕ್ಲಿ ಬಿಡು” ಅಂದ. ಒಪ್ಪಿದ ಹಾಗೇ ಆಯಿತು. ಅರ್ಜಿ ಹಾಕು ಕಣೇ, ಸಂಬಂಧ ಒಳ್ಳೆಯದು. ಚೆನ್ನಾಗಿ ಓದು, ಹೊಟ್ಟೆ ತುಂಬ ತಿನ್ನು, ನೂರು ಕಾಲ ಬಾಳು.

ನಿನ್ನ ಅತ್ತೆ,
ಮುನಿಲಕ್ಷ್ಮಿ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಊಟದಿಂದ ಏಳುವಾಗ ನಿಮ್ಮಪ್ಪ, “ನಾಳೆ ಇವಳೂ ನಿನ್ನಂಗೆ ಈ ಮನೇಲೇ ಉಳ್ಕೊಂಡ್ರೆ, ಇನ್ನೊಬ್ರನ್ನ ಸಾಕೋ ಶಕ್ತಿ ನನಗಿಲ್ಲಕ್ಕ” ಅಂದ. ಕೋಪದಲ್ಲಿ ಅಂದದ್ದಲ್ಲ, ಸುಮ್ಮನೆ ಅಂದ. ನಿಮ್ಮ ಮಾವ ತೀರಿಕೊಂಡು ನಾನು ಇಲ್ಲಿಗೆ ಬಂದಾಗಿನಿಂದ ಈ ಮನೆ ನಡೆಸುತ್ತಿರುವುದು ನಾನು ಎಂದುಕೊಂಡಿದ್ದೆ. ಅವನು ನನ್ನನ್ನು ಸಾಕುತ್ತಿದ್ದನಂತೆ. ತುಂಬಾ ನೋವಾಯಿತಮ್ಮ. ನೀನು ಅವನನ್ನು ಏನೂ ಕೇಳಬೇಡ, ಒಪ್ಪಿದ ಮಾತು ತಿರುಗಿಸಿಬಿಟ್ಟಾನು. ಓದು ಮುಗಿದು ಕೆಲಸ ಸಿಕ್ಕಿ ಎಲ್ಲಿ ಮನೆ ಮಾಡಿದರೂ, ನನ್ನನ್ನು ಕರೆಸಿಕೊಳ್ಳುತ್ತೀಯಾ?