ಬೂಗರೋ ಬರೆಯದ ಕಾಲು

ಗಜೇಂದ್ರಗಡ
ರವಿವಾರ, 17-2-1957

ನರಗುಂದದ ನನ್ನ ಶಂಕ್ರಕ್ಕನಿಗೆ, ತಂಗಿ ಅನ್ನವ್ವ ಕೈಮುಗಿದು ಬರೆಯುವುದು.

ಈಗ ಸಂಜೆ ಐದು ಗಂಟೆ. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೇನೆ. ಇವತ್ತು ರೊಟ್ಟಿ ಬಡಿದದ್ದು ಹೊತ್ತು ನೆತ್ತಿಗೆ ಬಂದ ಮೇಲೆ. ಮಗ್ಗಕ್ಕೆ ಒಂದು ಕಂಡಿಕೆ ನೂಲನ್ನೂ ಸುತ್ತಿಲ್ಲ. ಎರಡು ಸಲ ಚಹಾ ಕುಡಿದೆ, ಒಮ್ಮೆ ಪೇಟೆಯ ನಡುವೆ ಅತ್ತೆ. ನಾನು ದಿನಾ ಸಂಜೆ ವಹಿಯಲ್ಲಿ ನಾಲ್ಕು ಸಾಲು ಬರೆದಿಡುವುದು ನಿನಗೆ ಗೊತ್ತಲ್ಲ, ಇವತ್ತು ನಾಲ್ಕು ಸಾಲಿಗೆ ಮುಗಿಯುವ ದಿನವೇ ಅಲ್ಲ ಅಕ್ಕ! ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಮ್ಮ ಕಳಕವ್ವನ ಚಿತ್ರ ಅಟ್ಟದಿಂದ ಇಳಿಯಿತು!

ಮಗಳು ಜ್ವರದಲ್ಲಿ ಹೋದಾಗ ಅವಳಿಗೆ ಹನ್ನೊಂದು ವರ್ಷ. ಒಂದು ಫೋಟೋ ಸಹ ತೆಗೆಸಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿಗಳ ಬೋರ್ಡು ಬರೆಯುವ ಬಾಷಾಸಾಬಣ್ಣನ ಮುಂದೆ ಕೂತು, ಅವಳು ಹೀಗಿದ್ದಳು ಹಾಗಿದ್ದಳು ಎಂದು ಬಾಯಿಂದ ಹೇಳಿ ಹೇಳಿ ನಾನು ಆ ಚಿತ್ರ ಬರೆಸಿದ್ದು. ಹೋದ ವರ್ಷ ನೀನು ಬಂದಾಗ ಅದನ್ನು ನೋಡಿ, "ಅನ್ನವ್ವಾ, ಈಕಿ ನಮ್ಮ ಕಳಕಿ ಅಲ್ಲಬೇ, ಯಾವುದೋ ಬಿಳಿ ಮಡ್ಡಮ್ಮನ ಮಗಳು ಪರಕಾರ ಉಟ್ಕೊಂಡು ಕುಂತಂಗ ಐತಿ" ಅಂದೆ. ನೀನು ನಕ್ಕು ನರಗುಂದಕ್ಕೆ ಹೋದೆ. ಮಾತು ನಮ್ಮ ಮನೆಯವರ ಎದೆಯಲ್ಲಿ ಉಳಿಯಿತು. "ಯಾರದೋ ಮಗಳಿಗೆ ದಿನಾ ಹೂ ಏರಸಾಕತ್ತೀವಿ" ಎಂದು ಚಿತ್ರವನ್ನು ಅಟ್ಟಕ್ಕೆ ಹಾಕಿಬಿಟ್ಟರು. ಅಂದಿನಿಂದ ಗೋಡೆಗೆ ಬರೀ ಮೊಳೆ. ನಾನು ಆ ಮೊಳೆಗೇ ಹೂ ಸಿಗಿಸುತ್ತಿದ್ದೆ.

ಇವತ್ತು ಮುಂಜಾನೆ ಅವರು ಚಿತ್ರವನ್ನು ಅಟ್ಟದಿಂದ ತೆಗೆದು ಹಳೆಯ ಧೋತರದಲ್ಲಿ ಸುತ್ತಿದರು. ಬಾಷಾಸಾಬನಿಗೆ ಹೊಳ್ಳಿ ಕೊಟ್ಟು ಬರುತ್ತೇನೆ ಅಂದರು. ಮಗಳನ್ನು ಇನ್ನೊಮ್ಮೆ ಹೊತ್ತುಕೊಂಡು ಹೋದಂತಾಯಿತು ನನಗೆ. ಸೆರಗು ಹೊದ್ದು ಹಿಂದೆಯೇ ಓಡಿದೆ.

ಬಾಷಾಸಾಬಣ್ಣ ಸ್ಟೂಲಿನ ಮೇಲೆ ನಿಂತು ಸೋಡಾ ಅಂಗಡಿಯ ಬೋರ್ಡು ಬರೆಯುತ್ತಿದ್ದ. ಬಾಯಲ್ಲೊಂದು ಕುಂಚ, ಕೈಯಲ್ಲೊಂದು. ಇವರು ನಿಂತಲ್ಲಿಂದಲೇ, "ಖರೇ ಹೇಳ್ರಿ. ಇದು ನನ್ನ ಮಗಳೋ, ಯಾರ ಮಗಳೋ?" ಎಂದು ಕೇಳಿದರು. ಅವನು ಕುಂಚ ತೆಗೆದು, "ಮುತ್ತಪ್ಪಣ್ಣ, ಮೊದಲ ಚಾ ಕುಡೀರಿ. ಬೈಯಾಕಾದ್ರೂ ಗಂಟಲ ಹಸಿ ಇರಬೇಕು" ಅಂದ.

ಚಹಾ ಬರುವಷ್ಟರಲ್ಲಿ ಟ್ರಂಕಿನ ತಳದಿಂದ ಒಂದು ಹಳೆಯ ಅಚ್ಚಿನ ಚಿತ್ರ ತೆಗೆದು ನಮ್ಮದರ ಪಕ್ಕದಲ್ಲಿಟ್ಟ. ಅಕ್ಕ, ಅದೇ ಕಲ್ಲು, ಕೂತ ಅದೇ ರೀತಿ, ಮೊಣಕಾಲ ಮೇಲೆ ಜೋಡಿಸಿದ ಅದೇ ಕೈ, ವಾರೆ ಮಾಡಿದ ಅದೇ ಕತ್ತು. ಬಿಳಿಯ ಹುಡುಗಿ. ನಿನ್ನ ಮಾತು ಸುಳ್ಳಾಗಿರಲಿಲ್ಲ.

ಹಾಗಾದರೆ ಇದು ಕದ್ದದ್ದು ಎಂದರು ಇವರು. "ಕುಂತ ಭಂಗಿ ಅಷ್ಟ ಇವನದರಿ. ಬೂಗರೋ ಅಂತ, ಫ್ರಾನ್ಸ್ ದೇಶದ ಚಿತ್ರಗಾರ. ಕಣ್ಣು, ಹುಬ್ಬು, ಮೈಬಣ್ಣ ಈ ಅಕ್ಕಾರು ಹೇಳಿದ್ದು. ನಾ ನಿಮ್ಮ ಮಗಳನ್ನ ಕಂಡಾವಲ್ಲ. ನೀವು ಅಂಚು ನೇಯೂ ಮುಂದ ನಿಮ್ಮಪ್ಪ ನೇಯ್ದ ಸೀರಿ ಎದುರಿಗೆ ಇಟ್ಕೊಳ್ಳೂದಿಲ್ಲೇನು?" ಎಂದ ಅವನು. ಇವರು ಚಹಾ ಕುಡಿದರು.

ಆಮೇಲೆ ಬಾಷಾಸಾಬಣ್ಣ ಆ ಬೂಗರೋನ ಕಥೆ ಹೇಳಿದ ನೋಡು! ಮುಂಬಯಿಯಲ್ಲಿ ಇವನಿಗೆ ಚಿತ್ರ ಕಲಿಸಿದ ಮುದುಕ ಮಾಸ್ತರರು ಅವನನ್ನು ದೇವರೆನ್ನುತ್ತಿದ್ದರಂತೆ. ದ್ರಾಕ್ಷಿಯ ಮದ್ಯ ಮಾರುವವನ ಮಗ. ಕಲಿಯುವಾಗ ಅಂಗಡಿಯ ಡಬ್ಬಿಗಳಿಗೆ ಅಂಟಿಸುವ ಚೀಟಿ ಬರೆದು ಹೊಟ್ಟೆ ಹೊರೆದವನು. ಇದನ್ನು ಹೇಳುವಾಗ ತನ್ನ ಸೋಡಾ ಬೋರ್ಡಿನ ಕಡೆ ಕೈ ಮಾಡಿ ಎದೆ ಸೆಟೆಸಿದ. ಮುಂದೆ ಆ ದೇಶದ ದೊಡ್ಡ ದೊಡ್ಡ ಮರ್ಯಾದೆಗಳೆಲ್ಲ ಅವನಿಗೇ ಬಂದವಂತೆ. ಅಮೇರಿಕದ ಸಾಹುಕಾರರು ಮುಗಿಬಿದ್ದು ಕೊಂಡರಂತೆ. ಆದರೆ ಹೊಸ ಕಾಲದ ಚಿತ್ರಗಾರರು ಅವನ ಹೆಸರನ್ನೇ ಬೈಗುಳ ಮಾಡಿಕೊಂಡರಂತೆ. ಅವನು ಸತ್ತ ಮೇಲೆ ಚಿತ್ರಗಳು ಗೋಡೆಯಿಂದ ಇಳಿದು ನೆಲಮಾಳಿಗೆ ಸೇರಿದವಂತೆ. "ನಮ್ಮ ಅಟ್ಟ ಇದ್ದಂಗ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಇವರು ನನ್ನ ಕಡೆ ನೋಡಲಿಲ್ಲ.

ಯಾಕೆ ಇಳಿಸಿದರು ಎಂದು ಕೇಳಿದೆ. ಅವನು ಆ ಹುಡುಗಿಯ ಕಾಲಿನ ಮೇಲೆ ಬೆರಳಿಟ್ಟ. "ಬರಿಗಾಲಾಗ ನೀರ ತರೂ ಹುಡುಗಿ. ಕಾಲ ನೋಡ್ರಿ, ಈಗ ಜಳಕಾ ಮಾಡಿ ಬಂದಂಗ ಅದಾವು. ಬಡವರ ಮಕ್ಕಳನ್ನ ಬರದ, ಬಡವರ ಕಾಲ ಬರಿಲಿಲ್ಲ ಅಂತ ನಕ್ಕರು."

ಆಗ ಇವರು ಮೊದಲ ಸಲ ಬಗ್ಗಿ ನೋಡಿದರು. "ಅವಗ ಮಕ್ಕಳಿದ್ದಿಲ್ಲೇನು? ಹುಡುಗರ ಕಾಲ ಕಂಡಿದ್ದಿಲ್ಲೇನು?"

ಬಾಷಾಸಾಬಣ್ಣ ಹೇಳಿದ: "ಐದು ಮಕ್ಕಳು, ಮುತ್ತಪ್ಪಣ್ಣ. ನಾಕು ಮಂದಿನ್ನ ತಾನ ಮಣ್ಣಿಗಿಟ್ಟ."

ಎದುರಿಗೆ ರೋಣದ ಬಸ್ಸು ಹಾರನ್ ಹೊಡೆಯುತ್ತಿತ್ತು. ಅದು ಹೋದೊಡನೆ, ಮಕ್ಕಳನ್ನು ಕಳಕೊಂಡ ಮೇಲೂ ಹುಡುಗರನ್ನು ಬರೆದನೇನು ಎಂದು ಇವರು ಕೇಳಿದರು. "ಕಡೀತನಕ ಬರದಾನ್ರಿ" ಎಂದ ಅವನು.

ಶಂಕ್ರಕ್ಕ, ಓದಿದವರು ಏನಾದರೂ ಅನ್ನಲಿ, ಅವನು ಯಾಕೆ ಧೂಳು ಬರೆಯಲಿಲ್ಲ ಎನ್ನುವುದು ನನಗೆ ಆಗಲೇ ತಿಳಿಯಿತು. ಕಡೆಯ ದಿನ ಕಳಕವ್ವನ ಕಾಲು ತೊಳೆದವಳು ನಾನು. ಆಮೇಲೆ ಆ ಕಾಲಿಗೆ ಧೂಳು ಹತ್ತಲೇ ಇಲ್ಲ. ನಾನು ಪೇಟೆಯ ನಡುವೆ ಅತ್ತದ್ದು ಆಗ.

ಇವರು ನಮ್ಮ ಚಿತ್ರವನ್ನು ಎತ್ತಿ ಬೆಳಕಿಗೆ ಹಿಡಿದರು. ಬೂಗರೋನ ಹುಡುಗಿಯ ಪಕ್ಕದಲ್ಲಿ ಒಡೆದ ಕೊಡವಿತ್ತು, ನಮ್ಮ ಹುಡುಗಿಯ ಪಕ್ಕದಲ್ಲಿ ಕಂಡಿಕೆಯ ಬುಟ್ಟಿ. ಕೊಡ ಯಾಕೆ ತೆಗೆದಿರಿ ಎಂದರು. "ಮಗಳನ್ನ ಕಳಕೊಂಡ ಮನಿಗೆ ಒಡದ ಕೊಡ ಹ್ಯಾಂಗ ಕಳಸ್ಲಿರಿ?" ಎಂದ ಬಾಷಾಸಾಬಣ್ಣ. ಇವರ ಬೆರಳು ಬುಟ್ಟಿಯಿಂದ ಕೆಳಗೆ ಸರಿಯಿತು. ಒಡೆದ ಹಿಮ್ಮಡಿ, ಉಗುರಿನ ಸಂದಿಯ ಧೂಳು, ಹೊರಕ್ಕೆ ತಿರುಗಿದ ಗಟ್ಟಿ ಹೆಬ್ಬೆರಳು. ಬೆರಳು ಅಲ್ಲೇ ನಿಂತಿತು. "ಈ ಕಾಲು ನಮ್ಮ ಮನೀವು" ಅಂದರು.

ಧೋತರ ಸುತ್ತಲು ಬಿಡಲೇ ಇಲ್ಲ! ಚಿತ್ರದ ಮುಖ ಹೊರಗೆ ಮಾಡಿ, ಎದೆಗೆ ಆನಿಸಿಕೊಂಡು, ಪೇಟೆಯ ನಡುವೆಯೇ ಹೊರಟರು. ಚಹಾದಂಗಡಿಯ ಮೌಲಾಸಾಬ, "ಯಾರ್ರಿ ಮುತ್ತಪ್ಪಣ್ಣ, ಯಾವ ದೇವಿ?" ಎಂದು ಕೂಗಿದ. "ದೇವಿ ಅಲ್ಲೋ, ನಮ್ಮ ಕಳಕವ್ವ!" ಅಂದರು. ಅವಳು ಹೋದ ಮೇಲೆ ಅವರ ಬಾಯಲ್ಲಿ ಆ ಹೆಸರು ಬಂದದ್ದು ಇವತ್ತೇ ಅಕ್ಕ. ಅದೂ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ!

ಈ ಸಲ ನೀನು ಬಂದಾಗ ಮುಖ ನೋಡಬೇಡ, ಕಾಲು ನೋಡು. ನೋಡಿ ಏನು ಬೇಕಾದರೂ ಅನ್ನು. ಚಿತ್ರ ಇನ್ನು ಅಟ್ಟ ಏರುವುದಿಲ್ಲ.

ನಿನ್ನ ಬೆನ್ನಿಗೆ ಬಿದ್ದವಳು,
ಅನ್ನವ್ವ

ತಾ.ಕ.: ಇದನ್ನು ನೀನೊಬ್ಬಳೇ ಓದು. ಆ ಕಾಲು ನನ್ನವು. ಚಿತ್ರ ಬರೆಸುವಾಗ ಮಗಳ ಮುಖವನ್ನು ಬಾಯಿಂದ ಹೇಳಿದೆ, ಕಾಲು ಹೇಳಲು ಹೋದರೆ ಮಾತು ಹೊರಡಲಿಲ್ಲ. ಬಾಷಾಸಾಬಣ್ಣನ ಹೆಂಡತಿ ಕಮರುನ್ನಿಸಾ ನನ್ನನ್ನು ಅಂಗಡಿಯ ಹಿಂದಿನ ಕಲ್ಲಿನ ಮೇಲೆ ಕೂರಿಸಿ, ಅವನು ಬರೆದು ಮುಗಿಸುವ ತನಕ ಜೊತೆಗೆ ಕೂತಳು. ಮಗ್ಗದ ಕುಣಿಯಲ್ಲಿ ಕೂತು ವರ್ಷಗಟ್ಟಲೆ ಹಲಗೆ ತುಳಿದ ಹೆಬ್ಬೆರಳು ಅದು. ಮಗ್ಗಕ್ಕೆ ಇಳಿಯದ ಹುಡುಗಿಗೆ ಎಲ್ಲಿಂದ ಬರಬೇಕು? ನೇಕಾರರಾಗಿ ಇವರಿಗೆ ಅದು ತಿಳಿಯದೆ ಇದ್ದೀತೇ? ಮನೆಗೆ ಬಂದು ನಾನು ಕಾಲಿಗೆ ನೀರು ಹಾಕಿಕೊಳ್ಳುವಾಗ ನನ್ನ ಕಾಲನ್ನೇ ನೋಡುತ್ತ ನಿಂತಿದ್ದರು. ಗೋಡೆಯ ಹಳೆಯ ಮೊಳೆ ಭಾರ ತಡೆಯುವುದಿಲ್ಲ ಎಂದಷ್ಟೇ ಅಂದರು. ನಾಳೆ ಪೇಟೆಯಿಂದ ಹೊಸ ಮೊಳೆ ತರುತ್ತಾರೆ.