ಮೂರು ಗಂಟೆ ಹತ್ತು ನಿಮಿಷದ ವಿವರಣೆ

ಮಾನ್ಯ ನಿರ್ದೇಶಕರೇ,

ತಮ್ಮ ನೋಟಿಸು ತಲುಪಿದೆ. ಉತ್ತರಿಸಬೇಕಾದವರು ತೀರಿಕೊಂಡು ಹತ್ತೊಂಬತ್ತು ದಿನಗಳಾಗಿದ್ದರಿಂದ ಲಕೋಟೆಯನ್ನು ನಾನೇ ಒಡೆದೆ. ಮನೆಭೇಟಿಗೆ ಇಪ್ಪತ್ತು ನಿಮಿಷ ನಿಗದಿಯಾಗಿರುವಾಗ, ಎರಡು ವರ್ಷದ ಹಿಂದೆ ಒಂದೇ ಮನೆಯಲ್ಲಿ ಮೂರು ಗಂಟೆ ಹತ್ತು ನಿಮಿಷ ಕಳೆದದ್ದೇಕೆ, ಏಳು ದಿನದೊಳಗೆ ವಿವರಣೆ ಬಾರದಿದ್ದರೆ ಶಿಸ್ತುಕ್ರಮ ಎಂದು ಬರೆಸಿದ್ದೀರಿ. ಮೂರು ಗಂಟೆಯ ವಿಷಯ ಕೇಳಲು ತಮ್ಮ ಕಚೇರಿಗೆ ಎರಡು ವರ್ಷ ಹಿಡಿದದ್ದೇಕೆಂದು ಕೇಳುವವರು ಯಾರು? ಇರಲಿ. ವಿವರಣೆಯನ್ನು ನಾನು ಕೊಡಬಲ್ಲೆ. ಆ ದಿನ ನಾನು ಅವರ ಜೊತೆಗಿದ್ದೆ.

ಅಪರಾಧಿಯನ್ನು ನ್ಯಾಯಾಲಯ ಜೈಲಿನ ಬದಲು ಷರತ್ತಿನ ಮೇಲೆ ಮನೆಗೆ ಕಳಿಸಿದಾಗ ಅವನ ಮೇಲೆ ಕಣ್ಣಿಡುವುದು ಪ್ರೊಬೇಷನ್ ಅಧಿಕಾರಿಗಳಾದ ನಮ್ಮ ಕೆಲಸ. ಇಪ್ಪತ್ತೆಂಟು ವರ್ಷ ಅದನ್ನು ಮಾಡಿದ ಆಕೆಯನ್ನು ಕಚೇರಿಯಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ಆಕೆಗಿಂತ ವಯಸ್ಸಾದ ಗುಮಾಸ್ತರು ಕೂಡ. ನಾನು ಸೇರಿದ ಮೊದಲ ವಾರವೇ ಹೇಳಿದ್ದರು: “ಕಣ್ಣಿಡೋದು ಅಂದ್ರೆ ಗುರಿ ಇಡೋದಲ್ಲ ಕಣೇ. ಒಲೆ ಮೇಲಿನ ಹಾಲಿನ ಮೇಲೆ ಇಡ್ತೀವಲ್ಲ, ಹಂಗೆ.”

ಆ ಮನೆ ಒಬ್ಬ ಲಾರಿ ಚಾಲಕನದು. ಕುಡಿದು ಓಡಿಸಿ, ರಸ್ತೆ ದಾಟುತ್ತಿದ್ದವರೊಬ್ಬರ ಕಾಲು ಹೋಗುವಂತೆ ಮಾಡಿದ್ದ. ಮೂರು ವಾರದಿಂದ ಹಾಜರಿಗೆ ಬಂದಿರಲಿಲ್ಲ. ನಿಯಮದ ಪ್ರಕಾರ ನ್ಯಾಯಾಲಯಕ್ಕೆ ಎರಡು ಸಾಲು ಗೀಚಿದ್ದರೆ ಆತ ಜೈಲಿಗೆ, ನಾವು ಊಟಕ್ಕೆ. ದೊಡ್ಡಮ್ಮ ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿದರು. ಬಾಗಿಲು ತೆರೆದವನು ಮತ್ತೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ತವರಿಗೆ ಹೋಗಿದ್ದಳು. ತೊಳೆಯದ ಪಾತ್ರೆಗಳು, ಕಿಟಕಿಗೆ ಅಡ್ಡ ಕಟ್ಟಿದ ಚಾದರ. ದೊಡ್ಡಮ್ಮ ಬಕೆಟ್ ಬೋರಲು ಹಾಕಿ ಕೂತರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಗಡಿಯಾರ ನೋಡಿದಾಗಲೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು.

ಎರಡು ಗಂಟೆ ಕಳೆದ ಮೇಲೆ ಗೋಡೆಯ ಕಡೆಯಿಂದ ಮಾತು ಬಂತು. “ಬ್ರೇಕ್ ಹಾಕಿದೆ ಅಂತ ಎಲ್ರಿಗೂ ಹೇಳ್ದೆ ಮೇಡಂ. ಹಾಕಿರ್ಲಿಲ್ಲ. ಆ ಮನುಷ್ಯ ನಂಗೆ ಕಾಣ್ಲೇ ಇಲ್ಲ.”

“ಹೂಂ,” ಎಂದರು ದೊಡ್ಡಮ್ಮ.

“ಇವತ್ತು ನೀವು ಬರ್ದೇ ಇದ್ದಿದ್ರೆ...” ಎಂದವನು ದಿಂಬಿನ ಕೆಳಗೆ ಕೈಹಾಕಿ ಒಂದು ಬಾಟಲಿ ತೆಗೆದುಕೊಟ್ಟ. ಹೆಂಡವಲ್ಲ, ಇಲಿಗೆ ಇಡುವ ವಿಷ. ದೊಡ್ಡಮ್ಮ ಅದನ್ನು ಕೈಚೀಲಕ್ಕೆ ಹಾಕಿಕೊಂಡು, ಅವನ ಹೆಂಡತಿಗೆ ಫೋನು ಮಾಡಿ, ಆಕೆ ಬಂದು ಮುಟ್ಟುವವರೆಗೂ ಕೂತರು. ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದುಕೊಂಡರು. “ಯಾರಿಗೂ ಹೇಳ್ಬೇಡ, ನಂಗೂ ಹೆದ್ರಿಕೆ ಆಯ್ತು,” ಎಂದರು. ಇಂದು ಹೇಳುತ್ತಿದ್ದೇನೆ, ಕ್ಷಮಿಸಲಿ. ತಮ್ಮ ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲದ್ದರಿಂದ ಅಂದು ‘ಭೇಟಿ ಸಮಾಧಾನಕರ’ ಎಂದಷ್ಟೇ ಬರೆದಿದ್ದರು.

ಅವರ ಅಂತ್ಯಕ್ರಿಯೆಗೆ ರಜೆ ಕೇಳಿದೆ. ಮೃತರೊಂದಿಗೆ ಸಂಬಂಧ ಎಂಬಲ್ಲಿ ‘ಸಹೋದ್ಯೋಗಿ’ ಎಂದು ಬರೆದದ್ದಕ್ಕೆ ಅರ್ಜಿ ತಿರಸ್ಕೃತವಾಯಿತು. ರಕ್ತಸಂಬಂಧ ಮಾತ್ರವಂತೆ. ಕೆಲಸಕ್ಕೆ ಗೈರಾಗಿಯೇ ಹೋದೆ. ಅಲ್ಲಿ ಇಲಾಖೆಯವರೆಂದರೆ ನಾನೊಬ್ಬಳೇ. ಅವರ ಮಗಳನ್ನು ಬಿಟ್ಟರೆ ಉಳಿದವರು ಇಲಾಖೆಯ ಕಡತಗಳಲ್ಲಿ ಸಂಖ್ಯೆಗಳಾಗಿರುವ ಜನ. ಆ ಚಾಲಕ ಹೆಂಡತಿಯೊಡನೆ ಹಿಂದೆ ನಿಂತಿದ್ದ. ಈಗ ಟೈರು ಅಂಗಡಿಯಲ್ಲಿ ಕೆಲಸ. “ನಿಮ್ಗೆ ಯಾರಿದ್ದಾರೆ ಮೇಡಂ ಈಗ?” ಎಂದು ಕೇಳಿದ.

ಅವರ ಮೇಜಿನ ಮೇಲೆ ಈಗ ಇಡೀ ಮಹಡಿಯ ಪ್ರಿಂಟರ್ ಇಟ್ಟಿದ್ದಾರೆ. ದಿನವಿಡೀ ಜನ ಬಂದು ತಮ್ಮ ಕಾಗದ ಎತ್ತಿಕೊಂಡು ಹೋಗುತ್ತಾರೆ. ಯಾರದಾದರೂ ಕಡತ ಬಗೆಹರಿಯದಿದ್ದರೆ ನಾನು ಇನ್ನೂ ಆ ಕಡೆಗೇ ತಿರುಗಿ “ದೊಡ್ಡಮ್ಮಾ, ಇದಕ್ಕೇನು ಮಾಡ್ಲಿ?” ಎನ್ನುತ್ತೇನೆ. ಪ್ರಿಂಟರ್ ಕಾಗದ ಕೇಳುತ್ತದೆ.

ನನ್ನ ಬೇಡಿಕೆ ಇಷ್ಟು. ನೋಟಿಸನ್ನು ಲಿಖಿತವಾಗಿ ಹಿಂಪಡೆಯಿರಿ. ಪ್ರತಿಯನ್ನು ಅವರ ಮಗಳಿಗೆ ಕಳಿಸಿ. ಇಪ್ಪತ್ತು ನಿಮಿಷದ ಮಿತಿ ತೆಗೆಯಿರಿ. ಆ ಯಂತ್ರವನ್ನು ಬೇರೆಡೆಗೆ ಸಾಗಿಸಿ, ಆ ಕುರ್ಚಿಗೆ ಹೊಸಬಳೊಬ್ಬಳನ್ನು ನೇಮಿಸಿ. ಆಕೆಗೆ ಏನೂ ಗೊತ್ತಿರದಿದ್ದರೂ ಪರವಾಗಿಲ್ಲ. ನನಗೂ ಗೊತ್ತಿರಲಿಲ್ಲ.

ಇಂತಿ,
ಈ ಕೋಣೆಯ ಅತ್ಯಂತ ಹಿರಿಯ ಅಧಿಕಾರಿ
(ಬೇರೆ ಯಾರೂ ಇಲ್ಲದ ಕಾರಣ)