ಕೇಳಿಯೇ ಕೈ ಹಾಕಿದೆ, ಮಾವ

ಪ್ರೀತಿಯ ಸೋದರಮಾವನಿಗೆ, ನಿನ್ನ ಅಕ್ಕನ ಮಗಳು, ನೀನು ಕರೆಯುತ್ತಿದ್ದ ಹಾಗೆ ಬಾಯಿಬಡುಕಿ ಮಂಜುಳಾ ಬರೆಯುವುದು.

ಬತ್ತೇರಿಯ ನಿನ್ನ ಅಂಗಡಿಯನ್ನು ಮುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ನಿನ್ನ ತಲೆಗೆ ಹೋಗುವುದಿಲ್ಲ. ಬೋರ್ಡಿನಲ್ಲಿ ಈಗಲೂ ‘ಕಂಪ್ಯೂಟರ್ ರಿಪೇರಿ’ ಅಂತಲೇ ಇದೆ, ಮೇಲೆ ಮಲಯಾಳದಲ್ಲಿ, ಕೆಳಗೆ ಸಣ್ಣದಾಗಿ ಕನ್ನಡದಲ್ಲಿ. ನಿನ್ನ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಅದರ ಒಂದು ಕಾಲು ಇನ್ನೂ ಕುಂಟುತ್ತದೆ. ರಿಪೇರಿಯವನ ಕುರ್ಚಿಗೆ ಮಾತ್ರ ರಿಪೇರಿ ಇಲ್ಲ ನೋಡು.

ನಾನು ಕೆಲಸಕ್ಕೆ ಬಂದ ಮೊದಲ ದಿನ ನೆನಪಿದೆಯಾ? ಮೌಸ್ ಹಿಡಿಯಲು ಹೋದ ನನ್ನ ಕೈಗೆ ಪಟ್ಟನೆ ಒಂದು ಕೊಟ್ಟು, ಆ ಕಪ್ಪು ಪರದೆಯ ಮುಂದೆ ಕೂರಿಸಿದೆ. ಚಿತ್ರವಿಲ್ಲ, ಬಣ್ಣವಿಲ್ಲ, ಮಿಣುಕುವ ಒಂದು ಗೀಟು ಮಾತ್ರ. ‘ಬರ್ದು ಕೇಳು, ಅದೂ ಬರ್ದು ಹೇಳ್ತದ’ ಅಂದೆ. ‘ಅಪ್‌ಟೈಮ್’ ಅಂತ ಬರೆದರೆ, ಎಷ್ಟು ಹೊತ್ತಿನಿಂದ ಎದ್ದಿದ್ದೇನೆ ಅಂತ ಹೇಳುತ್ತದೆ. ‘ಡಿಎಫ್’ ಅಂದರೆ ಹೊಟ್ಟೆ ಎಷ್ಟು ತುಂಬಿದೆ ಅಂತ. ‘ಡಿಯು’ ಅಂದರೆ ಆ ಹೊಟ್ಟೆಯಲ್ಲಿ ಯಾವುದು ಎಷ್ಟು ಭಾರ ಅಂತ. ‘ಮೊದ್ಲು ಇಷ್ಟೂ ಕೇಳು. ಕೇಳ್ದೆ ಏನ್ನೂ ಅಳಿಸ್ಬ್ಯಾಡ ಕಣವ್ವ.’ ಗಿರಾಕಿ ಎದುರಿಗೆ ನಿಂತು ಅವಸರ ಮಾಡಿದರೂ ನೀನು ಈ ಕೇಳುವ ಶಾಸ್ತ್ರ ಬಿಡುತ್ತಿರಲಿಲ್ಲ. ಈ ಮನುಷ್ಯನಿಗೆ ಹುಚ್ಚು ಅಂದುಕೊಂಡಿದ್ದೆ.

ಆ ಹುಚ್ಚು ಎಲ್ಲಿಂದ ಬಂತೆಂದು ತಿಳಿದದ್ದು, ಒಂದು ಭಾನುವಾರ ನೀನು ನನ್ನನ್ನು ಮುತ್ತಂಗದ ಹತ್ತಿರದ ಕಾಡುಜನರ ಹಾಡಿಗೆ ಕರೆದುಕೊಂಡು ಹೋದಾಗ. ಅಲ್ಲಿಯ ಕೆಂಪಿಯ ಅವ್ವ ಮಾದಿ ಸೌದೆಗೆ ಹೊರಟಿದ್ದಳು. ಕಾಡಿನ ಅಂಚಿನಲ್ಲಿ ನಿಂತು, ಹಸಿರು ಸೊಪ್ಪು ಮುರಿದು ಮರದ ಬುಡಕ್ಕಿಟ್ಟು, ‘ಬರ್ಲಾ?’ ಅಂದಳು. ತುಸು ಕಾದಳು. ಆಮೇಲೆ ಕಾಲಿಟ್ಟಳು. ನೀನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದೆ, ಅಷ್ಟೇ. ಹಾಗೆ ನೀನು ಎಷ್ಟೋ ಭಾನುವಾರ ಹೋಗಿ ಅವಳ ಮಾತು, ಪದ ಎಲ್ಲ ರೆಕಾರ್ಡರಿನಲ್ಲಿ ಹಿಡಿದು, ಹಾಡಿಯ ಓದುವ ಕೋಣೆಯ ಕಂಪ್ಯೂಟರಿಗೆ ಹಾಕಿದೆ. ‘ಹಾಡಿಯವ್ರ ಮಾತು ಹಾಡೀಲೇ ಇರ್ಲಿ’ ಅಂತ. ಇನ್ನೊಂದು ಪ್ರತಿ ಇಟ್ಟುಕೊಳ್ಳಲು ಏನಾಗಿತ್ತು ನಿನಗೆ? ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡ ಮನುಷ್ಯ!

ಮೊನ್ನೆ ಕೆಂಪಿ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ನಿನಗೆ ಗೊತ್ತಿಲ್ಲ, ನೀನು ಹೋದ ಮೇಲಿನ ಮಳೆಗಾಲದಲ್ಲಿ ಮಾದಿಯೂ ತೀರಿಹೋದಳು. ‘ಕಂಪ್ಯೂಟ್ರು ಕೆಟ್ಟೋಗದಂತೆ ಕಣಕ್ಕ. ಎಲ್ಲಾನೂ ಅಳಿಸ್ಬುಟ್ಟು ಹೊಸ್ದಾಗಿ ಮಾಡ್ತರಂತೆ. ನಮ್ಮವ್ವನ ಸೊರ ಅದ್ರೊಳ್ಗೇ ಅದ’ ಅಂದಳು. ಅವಳ ಹತ್ತಿರ ಅವ್ವನದೊಂದು ಫೋಟೋ ಕೂಡ ಇಲ್ಲ ಮಾವ. ಅಂಗಡಿಗೆ ಬೀಗ ಹಾಕಿ ಅವಳ ಜೊತೆಗೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡೆ, ನಡುವೆ ಒಂದೆರಡು ಸಲ ಅತ್ತೂಬಿಟ್ಟೆ.

ಓದುವ ಕೋಣೆ ನೋಡಿಕೊಳ್ಳುವ ಸಜಿ, ಕೆಂಪಿ ಹೇಳಿ ಬಂದಿದ್ದಕ್ಕೆ ನನಗಾಗಿಯೇ ಕಾದಿದ್ದ. ಒಳ್ಳೆಯವನು, ಆದರೆ ಸೋತು ಹೋಗಿದ್ದ. ‘ಚೇಚ್ಚೀ, ಇದು ಕೇಡಾಯಿ. ಫಾರ್ಮ್ಯಾಟ್ ಚೆಯ್ಯಾಂ’ ಅಂದ, ಕೆಟ್ಟುಹೋಗಿದೆ ಅಕ್ಕ, ಎಲ್ಲ ಅಳಿಸಿಬಿಡೋಣ ಅಂತ. ಪಾಸ್‌ವರ್ಡ್ ಕೊಟ್ಟರೆ ಪರದೆ ಒಮ್ಮೆ ಮಿಂಚಿ ಮತ್ತೆ ಪಾಸ್‌ವರ್ಡನ್ನೇ ಕೇಳುತ್ತಿತ್ತು. ಕೆಡುವ ಮೊದಲು ಅದರಲ್ಲಿ ಒಂದು ಫೋಲ್ಡರ್ ನೋಡಿದ್ದನಂತೆ. ಹೆಸರಿನ ಜಾಗದಲ್ಲಿ ಬರೀ ಚೌಕಗಳು. ಅದೇ ವೈರಸ್ಸು, ಅದನ್ನು ತೆಗೆದರೆ ಸರಿಹೋದೀತು ಎನ್ನುವುದು ಅವನ ಲೆಕ್ಕ. ‘ಇರಪ್ಪ, ಮೊದಲು ಕೇಳೋಣ’ ಅಂದೆ. ನಿನ್ನ ಮಾತು ನನ್ನ ಬಾಯಲ್ಲಿ ಬಂದದ್ದು ನೋಡು!

ಕಪ್ಪು ಪರದೆಗೆ ಇಳಿದು ಡಿಎಫ್ ಅಂದೆ. ಹೊಟ್ಟೆ ಭರ್ತಿ, ಉಸಿರಾಡಲೂ ಜಾಗವಿಲ್ಲ, ಅದಕ್ಕೇ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಡಿಯು ಅಂದೆ. ಭಾರವಾದದ್ದು ಎರಡೇ. ಒಂದು, ಯಂತ್ರ ತನಗೆ ತಾನೇ ಬರೆದುಕೊಂಡ ದೂರು. ಎಂದೋ ಕಿತ್ತು ಒಯ್ದ ಪ್ರಿಂಟರ್ ಎಲ್ಲಿ, ಎಲ್ಲಿ ಎಂದು ಹಗಲೂ ರಾತ್ರಿ ಗೊಣಗಿ, ಗೊಣಗಿದ್ದನ್ನೆಲ್ಲ ಬರೆದಿಟ್ಟು ಹೊಟ್ಟೆ ಉಬ್ಬಿಸಿಕೊಂಡಿತ್ತು. ಇನ್ನೊಂದು, ಆ ಚೌಕಗಳ ಫೋಲ್ಡರ್. ಒಳಗೆ ನೋಡಿದರೆ ಎಲ್ಲವೂ ಧ್ವನಿಯ ಫೈಲುಗಳು. ಆಗ ಹೊಳೆಯಿತು ಮಾವ. ನೀನು ಹೆಸರನ್ನು ಕನ್ನಡದಲ್ಲಿ ಬರೆದಿದ್ದೆ. ಆ ಯಂತ್ರಕ್ಕೆ ಕನ್ನಡದ ಅಕ್ಷರಗಳನ್ನು ಯಾರೂ ಹಾಕಿರಲೇ ಇಲ್ಲ. ಗೊತ್ತಿಲ್ಲದ ಅಕ್ಷರ ಬಂದರೆ ಅದು ಪಾಪ ಚೌಕ ತೋರಿಸುತ್ತದೆ. ಇಲ್ಲಿಯ ಎಷ್ಟೋ ಆಫೀಸುಗಳಲ್ಲಿ ನಮ್ಮ ಮಾತಿನ ಗತಿಯೂ… ಇರಲಿ ಬಿಡು.

ದೂರುಗಳನ್ನಷ್ಟೇ ಅಳಿಸಿದೆ. ಯಂತ್ರ ಎದ್ದಿತು. ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಕನ್ನಡ ಅಕ್ಷರಗಳನ್ನು ಹಾಕಿದೆ. ಚೌಕಗಳೆಲ್ಲ ಮಾಯವಾಗಿ ‘ಮಾದಿ ಅವ್ವನ ಮಾತು’ ಅಂತ ಬಂತು. ‘ಅಯ್ಯೋ, ಇದು ಕನ್ನಡಯಾಣೋ!’ ಎಂದು ಸಜಿ ತಲೆ ಮೇಲೆ ಕೈ ಹೊತ್ತು ನಕ್ಕ.

ಕೊನೆಯ ಫೈಲು ಹಾಕಿದೆ, ಕೆಂಪಿ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡಳು. ನಿನ್ನ ಕೊನೆಯ ಭಾನುವಾರದ ಫೈಲು ಅದು, ನಾನು ಜೊತೆಗೆ ಬಂದಿರಲಿಲ್ಲ. ಪದ ಮುಗಿಸಿ ಮಾದಿ, ‘ಸಾಕು ನಿಲ್ಸು ಸಿವಣ್ಣ, ಚಾ ಆರೋಯ್ತದ’ ಅನ್ನುತ್ತಾಳೆ. ನೀನು, ‘ಮುಂದ್ಲ ಸಲ ಕೆಂಪೀದೂ ಹಿಡೀಬೇಕು ಕಣವ್ವೋ’ ಅನ್ನುತ್ತೀಯ. ದೂರದಿಂದ ಕೆಂಪಿ ನಗುತ್ತ, ‘ನಂದ್ಯಾವ ಸೊರ, ಹೋಗಣ್ಣ!’ ಅಲ್ಲಿಗೆ ನಿಂತಿತು. ನಾವಿಬ್ಬರೂ ಅತ್ತೆವು. ಕಣ್ಣೊರೆಸಿಕೊಂಡು ಅವಳೇ ಅಂದಳು: ‘ನಂದೂ ಹಿಡಿಯಕ್ಕ. ನನ್ ಮಗ್ಳು ನನ್ ಸೊರ ಹುಡಿಕ್ಕಂಡು ಹಿಂಗೆ ಅಲೀಬಾರ್ದು.’

ನಿನ್ನ ಮುಂದಿನ ಸಲ ಬಂದಿದೆ ಮಾವ. ಜಾಗ ಇದೆಯಾ ಎಂದು ಯಂತ್ರವನ್ನು ಕೇಳಿದೆ. ಬೇಕಾದಷ್ಟಿದೆ ಅಂದಿತು. ಆಮೇಲೆ ಕಪ್ಪು ಪರದೆಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿ ‘ಕೆಂಪಿಯ ಮಾತು’ ಅಂತ ಬರೆದೆ. ಒಂದು ಚೌಕವೂ ಬರಲಿಲ್ಲ. ಒಳಗೆ ಇನ್ನೂ ಏನೂ ಇಲ್ಲ. ಭಾನುವಾರ ನಿನ್ನ ರೆಕಾರ್ಡರ್ ತೆಗೆದುಕೊಂಡು ಹೋಗುತ್ತೇನೆ. ಚಾ ಆರುವ ಮೊದಲೇ ಕುಡಿಯುತ್ತೇನೆ.